ಉದ್ಧರಣಿಯೊಳಗಿನ ನೀರು

ನನ್ನ ಅಪ್ಪಗ,

ನೀ ಹೋದ ಮ್ಯಾಲ ವಾದಾ ಮಾಡ್ಲಿಕ್ಕೆ ಮನ್ಯಾಗ ಯಾರೂ ಇಲ್ಲ, ಅದಕ್ಕ ಬರೀಲಿಕ್ಕೆ ಕೂತೇನಿ. ಪೂಜಾ ಮುಗಿಸಿ ದೀಪದ ಮುಂದ ನನ್ನ ಕೂಡಿಸಿಕೊಂಡು ಕೇಳ್ತಿದ್ದಿಯಲ್ಲ, ನೆನಪದ ಏನು? ದೀಪಾ ಊದಿ ಆರಿಸೋದು, ಎಣ್ಣಿ ಹಾಕದ ಬಿಡೋದು, ಎರಡೂ ಒಂದಽ ಏನು ಅಂತ. ನಾ ಒಂದಽ ಅಂದ್ರ ನೀ ಬ್ಯಾರೆ ಅಂತಿದ್ದಿ. ಬ್ಯಾರೆ ಅಂದ್ರ ಒಂದಽ ಅಂತಿದ್ದಿ. ತರ್ಕಶಾಸ್ತ್ರ ಓದಿದ ಭಟ್ಟ ನೀ, ಗೆಲ್ಲೋದು ನಿನ್ನ ಚಟಾ. ಖರೇ ಉತ್ತರಾ ಮಾತ್ರ ಒಂದಿನಾನೂ ಹೇಳಲಿಲ್ಲ.

ಬೆಳಗಾವಿ ಆಸ್ಪತ್ರಿಯೊಳಗ ನೀ ಮಾತಿಲ್ಲದ ಮಲಗಿದ್ದಿ. ಮೆದುಳಿನ್ಯಾಗ ನರಾ ಒಡದದ, ಇನ್ನ ಏಳೂದಿಲ್ಲ ಅಂದ್ರು ಡಾಕ್ಟರು. ಉಸಿರಾಡಿಸೋ ಯಂತ್ರ ತಗೀರಿ ಅಂತ ಅವರು ಹೇಳಲಿಲ್ಲ, ಇಡ್ರಿ ಅಂತನೂ ಹೇಳಲಿಲ್ಲ. ನೀವಽ ಹೇಳ್ರಿ ಅಂದ್ರು. ನಿನ್ನ ಬಿಟ್ಟು ಯಾರನ್ನ ಕೇಳಬೇಕಿತ್ತು ನಾ? ಅವ್ವ ಹಟಾ ಹಿಡದಳು. ನಮ್ಮೂರು ಸಿರಸಂಗಿಗೆ ಒಯ್ದು, ನೆಲದ ಮ್ಯಾಲ ಮಲಗಿಸಿ, ಬಾಯಾಗ ಗಂಗಾ ನೀರು ಹಾಕೇ ಕಳಸಬೇಕು ಅಂತ.

ಆಂಬುಲೆನ್ಸಿನ್ಯಾಗ ನಿನ್ನ ಉಸಿರು ನನ್ನ ಕೈಯಾಗಿತ್ತು. ನಿನ್ನ ಬಾಯಾಗಿನ ನಳಿಗೆ ಒಂದು ರಬ್ಬರ್ ಚೀಲಾ. ಒತ್ತಿದ್ರ ನಿನ್ನ ಎದಿ ಏಳತಿತ್ತು, ಬಿಟ್ರ ಇಳೀತಿತ್ತು. ಯರಗಟ್ಟಿಯೊಳಗ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಾಗ ಡ್ರೈವರ್ ದಸ್ತಗೀರ ಇಳದು, ಎಲ್ಲಾರಿಗೂ ಬೈದು ದಾರಿ ಮಾಡಿಸಿದಾ. ಪಾಪ, ಅವಂಗ ಅವಸರ. ನನಗ ಆ ದಾರಿ ಮುಗೀಬಾರದಾಗಿತ್ತು.

ಪಡಸಾಲ್ಯಾಗ ದರ್ಭಿ ಹಾಸಿ ಮಲಗಿಸಿದ್ವಿ. ನಳಿ ಇದ್ರ ನೀರು ಹೆಂಗ ಹಾಕೋದು? ಜೋಡಿ ಬಂದ ನರ್ಸ್ ನಳಿ ತಗದಳು. ನಿನಗ ಗಂಡಮಗ ಇಲ್ಲಲ್ಲ, ಅವ್ವ ಕಾಶಿಯಿಂದ ತಂದ ಗಂಗಾಥಾಲಿಯ ಬೆಸುಗಿ ಒಡದು, ಅದರೊಳಗಿನ ನೀರು ನಿನ್ನ ಪೂಜಿ ಉದ್ಧರಣಿಯೊಳಗ ಹಾಕಿ ನನ್ನ ಕೈಗೆ ಕೊಟ್ಟಳು. ಆದ್ರ ನೀ... ನೀ ಉಸಿರಾಡಲಿಕ್ಕೆ ಹತ್ತಿದ್ದಿ ಅಪ್ಪಾ. ನೀನಾಗೇ, ಸಣ್ಣಗ. ನರ್ಸ್ ತನ್ನ ತಲಿ ತಗ್ಗಿಸಿದಳು. ನಾ ಅವ್ವನ ಮಾರಿ ನೋಡಿದೆ.

"ಹಾಕು," ಅಂದಳು.

ಹಾಕಿದೆ. ಗಂಟಲದಾಗ ಗೊರ್ ಅಂತು. ಒಮ್ಮೆ ಕೆಮ್ಮಿದಿ. ಆಮ್ಯಾಲ ಏನೂ ಇಲ್ಲ.

ಊರಾಗ ಎಲ್ಲಾರೂ ಪುಣ್ಯದ ಸಾವು ಅಂದ್ರು. ನಳಿ ತಗದದ್ದು ಎಣ್ಣಿ ಹಾಕದ ಬಿಟ್ಟಂಗ ಅಂತ ನನಗ ನಾನಽ ಹೇಳಿಕೊಂಡೆ. ಆದ್ರ ಆ ನೀರು? ನೀ ಉಸಿರಾಡೋದು ನೋಡಿನೂ ಹಾಕಿದೆನಲ್ಲ, ಅದಕ್ಕ ಏನಂತಿ? ಅದು ಸಂಸ್ಕಾರನೋ, ಅಥವಾ... ಈಗ ವಾದಾ ಮಾಡು ನೋಡೋಣ. ಸೋಲಲಿಕ್ಕೆ ತಯಾರಿದ್ದೇನಿ, ಯಾವ ಕಡೆಯಿಂದಾದ್ರೂ. ನೀ ಮಾತಾಡೂದಿಲ್ಲ, ಗೊತ್ತದ. ಇದು ಹಿಂಗಽ ನನ್ನ ಜೋಡಿ ಇರೋದು.

ನಿನಗ ಗೊತ್ತಿಲ್ಲದ ಒಂದು ಸುದ್ದಿ ಅದ. ಅವ್ವನ ಎದಿ ಸೋತದ, ಬಹಳ ದಿನಾ ತಡಿಯೂದಿಲ್ಲ ಅಂದಾರ ಡಾಕ್ಟರು. ಆ ಥಾಲಿಯೊಳಗ ಉಳದ ನೀರು ಬಾಟ್ಲಿಗೆ ಹಾಕಿ ದೇವರ ಮುಂದ ಇಟ್ಟಾಳ. ನಿನ್ನೆ ಹೂವು ಏರಿಸ್ತಾ, ನನ್ನ ಕಡೆ ನೋಡದ, ಹೇಳಿದಳು.

"ನನಗೂ ನೀನಽ ಹಾಕು. ಉಸಿರಿದ್ರೂ ನೋಡಬ್ಯಾಡ."

ಹೂಂ ಅಂದೇನಿ, ಅಪ್ಪಾ.

ನಿನ್ನ ಮಗಳು