ಎಡಗೈಗೆ ಒಂದು ಚಾಕು

ತಾಂಡೂರು
ಬಹುಧಾನ್ಯ ಸಂವತ್ಸರ, ಕಾರ್ತಿಕ ಬಹುಳ ದಶಮಿ
(೧೯೩೮)

ಪೂಜ್ಯ ಅತ್ತೆಯವರ ಪಾದಗಳಿಗೆ ಅನಸೂಯಾಳ ಶರಣುಗಳು.

ನಿಮ್ಮ ಎರಡು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡಿ. ಬರೆಯಲು ಕೂತಾಗಲೆಲ್ಲ 'ನಾವೆಲ್ಲ ಕ್ಷೇಮ' ಎಂಬಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ನನಗೆ ಅಕ್ಷರ ಕಲಿಸಿದವರು ನೀವು. ನಿಮಗೇ ಸುಳ್ಳು ಬರೆಯಲು ಆಗಲಿಲ್ಲ. ನಾರಾಯಣಖೇಡದಲ್ಲಿ ತೊಗರಿ ಚೆನ್ನಾಗಿ ಬಂದಿದೆ, ನಿಮ್ಮ ಮೊಣಕಾಲು ನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು.

ನಿಮ್ಮ ಮಗನ ಗಾಯ ಮಾಯ್ದಿದೆ. ಸ್ಟೇಶನ್ನಿನಲ್ಲಿ ಫರಶಿ ಕಲ್ಲು ತುಂಬಿದ ರೈಲು ಡಬ್ಬಿಗಳ ಕೊಂಡಿ ಹಾಕುವಾಗ ನುಜ್ಜಾದ ಬಲಗೈಯನ್ನು ಡಾಕ್ಟರರು ತೆಗೆದದ್ದು ನಿಮಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಶ್ರಾವಣದಲ್ಲಿ ಒಂದು ಮುಂಜಾನೆ ಅವರು ಎದ್ದು ಹೋಗಿ ಹಳಿಯ ಮೇಲೆ ಕೂತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಬಂಡೆಪ್ಪಣ್ಣ ಕಂಡು, ರಟ್ಟೆ ಹಿಡಿದು ಮನೆಗೆ ಎಳೆದು ತಂದರು. ಅಂದೇ ನಮ್ಮ ಕುಡುಗೋಲು, ಇಳಿಗೆ, ಬಾವಿಯ ಹಗ್ಗ ಎಲ್ಲವೂ ಬಂಡೆಪ್ಪಣ್ಣನ ಮನೆ ಸೇರಿದವು. ಕಾಯಿಪಲ್ಲೆಯನ್ನು ಅವರ ಮನೆಯಲ್ಲೇ ಹೆಚ್ಚಿ ತರುತ್ತಿದ್ದೆ. ಇವರು ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಊಟ ಹಾಕಿದರೆ ಉಣ್ಣುವುದು, ಇಲ್ಲದಿದ್ದರೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು.

ಹೀಗಿರುವಾಗ, ಸೀಗಿ ಹುಣ್ಣಿಮೆಯ ಮರುದಿನ ತಾವಾಗಿಯೇ ಬಾಯಿ ಬಿಟ್ಟರು.

"ನನಗೊಂದು ಚಾಕು ಬೇಕು."

ನಾನು ಚರಿಗೆ ಕೆಳಗಿಟ್ಟೆ. "ಯಾತಕ್ಕರಿ?"

"ಕಟಗಿ ಕೆತ್ತಾಕ. ಒಂದೇ ಅಲಗಿಂದು ಬ್ಯಾಡ. ದೊಡ್ಡದು ಸವರಾಕ ಬೇಕು, ಸಣ್ಣದು ಕಣ್ಣು ಮೂಗು ತೆಗ್ಯಾಕ. ಮಡಚಿದ್ರ ಕಿಸೇದಾಗ ಕೂಡಬೇಕು."

ಅವರ ಹಳೆಯ ಚಾಕು ನಿಮಗೆ ನೆನಪಿರಬೇಕು. ಮಾವಿನಕಾಯಿ ಕೊಯ್ಯಲು, ಹಗ್ಗ ಹರಿಯಲು, ಬೇವಿನ ಕಡ್ಡಿ ಕೆತ್ತಲು ಅದೇ. ಊರಲ್ಲಿದ್ದಾಗ ಕಟ್ಟೆಯ ಮೇಲೆ ಕೂತು ಕಟ್ಟಿಗೆಯ ಎತ್ತು ಮಾಡುತ್ತಿದ್ದರಲ್ಲ. ಅದು ಅಪಘಾತದ ದಿನವೇ ಹಳಿಯ ಹತ್ತಿರ ಎಲ್ಲೋ ಬಿದ್ದುಹೋಯಿತು.

ಬಂಡೆಪ್ಪಣ್ಣನಿಗೆ ಹೇಳಿದೆ. ಅವರು ಕೂಗಾಡಿಬಿಟ್ಟರು. "ತಂಗೀ, ನಿನಗ ತಲಿ ತಿರಗ್ಯಾದೇನು? ರೇವಪ್ಪಗ ಹಳಿ ಮ್ಯಾಲಿಂದ ನಾ ಎಳಕೊಂಡು ಬಂದೀನಿ. ನೀ ಅವನ ಕೈಯಾಗ ಚಾಕು ಕೊಡ್ತಿ?"

ಅವರ ಮಾತು ತಪ್ಪಲ್ಲ. ಆದರೆ ಅತ್ತೆ, ಅಷ್ಟು ತಿಂಗಳಲ್ಲಿ ನಿಮ್ಮ ಮಗ ಬೇಕು ಎಂದದ್ದು ಅದೊಂದೇ. ಇಲ್ಲ ಎಂದರೆ ಮತ್ತೇನನ್ನೂ ಕೇಳಲಾರರು ಎಂದು ನನಗೆ ಹೆದರಿಕೆ. ಕೊಟ್ಟರೂ ಹೆದರಿಕೆ, ಕೊಡದಿದ್ದರೂ ಹೆದರಿಕೆ.

ಅವರನ್ನು ಬಂಡೆಪ್ಪಣ್ಣನ ಕಾವಲಿಗೆ ಬಿಟ್ಟು ಜಹೀರಾಬಾದಿಗೆ, ನಮ್ಮ ತವರಿಗೆ ಹೋದೆ. ಅಪ್ಪನ ಜೊತೆ ಬಜಾರಿನ ಖಾದರಸಾಬರ ಅಂಗಡಿಗೆ ಹೋದೆವು. ಸಾಬರು ಮಡಚುವ ಚಾಕುಗಳನ್ನು ಬಟ್ಟೆಯ ಮೇಲೆ ಹರಡಿದರು. ನಾನು ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು, ಒಂದೊಂದನ್ನೇ ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಅಲಗು ಎಳೆದು ನೋಡಿದೆ. ಅಂಗಡಿ ಮುಂದಿದ್ದವರು ನಕ್ಕರು. ಸಾಬರು ನಗಲಿಲ್ಲ. ಕೊಂಬಿನ ಹಿಡಿಯವುಗಳನ್ನು ತಾವೇ ಬದಿಗೆ ಸರಿಸಿ, "ಬೆವತ್ರ ಜಾರ್ತಾವಮ್ಮಾ, ಕಟಗಿ ಹಿಡಿಕಿಂದು ನೋಡ್ರಿ" ಎಂದರು. ಒಂದರ ಅಲಗು ಹಲ್ಲಿಗೆ ಜಗ್ಗಲೇ ಇಲ್ಲ. ಇನ್ನೊಂದು ಸಡಿಲ, ಒತ್ತಿದರೆ ಬೆರಳ ಮೇಲೇ ಮುಚ್ಚಿಕೊಳ್ಳುವಂಥದ್ದು.

ಕಡೆಗೆ ಮೂರು ಅಲಗಿನದೊಂದು ಕೈಗೆ ಬಂತು. ಹಿಡಿ ಅಂಗೈ ತುಂಬುತ್ತಿತ್ತು. ದೊಡ್ಡ ಅಲಗು, ಸಣ್ಣ ಅಲಗು, ನೇರ ಅಂಚಿನ ಮೊಂಡ ತುದಿಯದು ಮತ್ತೊಂದು. ಹಲ್ಲಿಗೆ ಮೆತ್ತಗೆ ತೆರೆದುಕೊಂಡಿತು, ತೆರೆದ ಮೇಲೆ ಗಟ್ಟಿಯಾಗಿ ನಿಂತಿತು. ದೊಡ್ಡ ಅಲಗಿನ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ.

"ಸಾಬರ, ಕಟಗಿ ಕೊಯ್ಯಬೇಕು, ಮನಷ್ಯಾಗ ಏನೂ ಆಗಬಾರದು. ಅಂಥಾದು ಇಲ್ಲೇನರಿ?" ಎಂದು ಕೇಳಿಯೇಬಿಟ್ಟೆ.

ಅವರು ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿದರು. "ಅಂಥಾ ಚಾಕು ಯಾರೂ ಮಾಡಾಂಗಿಲ್ಲ ಬೇಟಿ" ಎಂದರು ಸಾಬರು.

ಅದನ್ನೇ ತಂದೆ. ಮನೆಗೆ ಬಂದು ಕೈಗೆ ಕೊಟ್ಟಾಗ ನಿಮ್ಮ ಮಗ ಹಲ್ಲಿನಿಂದ ಮೂರೂ ಅಲಗು ಬಿಚ್ಚಿ, ತೊಡೆಗೆ ಒತ್ತಿ ಮುಚ್ಚಿ ನೋಡಿದರು.

"ಇದನ್ನ ತರಾಕ ಅಂಜಿಕಿ ಬರ್ಲಿಲ್ಲೇನು?"

"ಬಂತರಿ. ಈಗೂ ಅದ."

"ನನಗೂ ಅದ," ಎಂದರು. "ಕತ್ತಲಾಗೂದ್ರಾಗ ನಿನ್ನ ಕೈಗೆ ಕೊಡ್ತೀನಿ. ನೀ ಇಟ್ಕೊ."

ಹಾಗೇ ನಡೆಯಿತು. ಬೆಳಗ್ಗೆ ಕೇಳಿ ತೆಗೆದುಕೊಳ್ಳುವರು, ದೀಪ ಹಚ್ಚುವಾಗ ನನ್ನ ಕೈಗೆ ಕೊಡುವರು. ಕಟ್ಟಿಗೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಸವರುತ್ತಿದ್ದರು. ಎಡಗೈ ನಡುಗುತ್ತಿತ್ತು. ಆದರೂ ನನಗೆ ಎಷ್ಟೋ ದಿನದ ಮೇಲೆ ರೊಟ್ಟಿ ರುಚಿ ಹತ್ತಿತು.

ನಿನ್ನೆ ಮಧ್ಯಾಹ್ನ ನೀರು ತರುವಷ್ಟರಲ್ಲಿ ಅವರೂ ಇಲ್ಲ, ಚಾಕುವೂ ಇಲ್ಲ. ಕೊಡ ಅಲ್ಲೇ ಬಿಟ್ಟು ಹಳಿಯ ಕಡೆ ಓಡಿದೆ. ಅವರು ಗೂಡ್ಸು ಶೆಡ್ಡಿನ ಹಿಂದೆ ಬೇವಿನ ಕೆಳಗೆ ಕೂತಿದ್ದರು. ಧೋತರದ ತುಂಬ ರಕ್ತ. ನಾನು ಕಿರುಚಿದೆ.

"ಕಾಲಿಗೆ ತಾಗ್ಯಾದ, ಅಷ್ಟ," ಎಂದರು.

ಚಾಕು ಜಾರಿ ಪಾದ ಸೀಳಿತ್ತು. ಸೆರಗು ಹರಿದು ಕಟ್ಟಿದೆ. ಪಕ್ಕದಲ್ಲಿ ಕೆತ್ತಿದ ತುಂಡು ಬಿದ್ದಿತ್ತು. ಎತ್ತೂ ಅಲ್ಲ, ಏನೂ ಅಲ್ಲ. "ಈ ಕೈ ನನ್ನ ಮಾತು ಕೇಳವಲ್ಲದು ಅನಸೂಯಾ," ಎಂದು ನನ್ನ ಹೆಗಲಿಗೆ ಹಣೆ ಇಟ್ಟು ಅತ್ತರು. ದವಾಖಾನೆಯಲ್ಲೂ ಅಳದವರು. ಚಾಕು ಈಗ ನನ್ನ ಸೊಂಟದಲ್ಲಿದೆ. ಇಂದು ಬೆಳಗ್ಗೆ ಅವರು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬುದೇ ನನ್ನನ್ನು ತಿನ್ನುತ್ತಿದೆ.

ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ. ಮನೆಯ ಎಲ್ಲರಿಗೂ ನನ್ನ ಶರಣು ಹೇಳಿ.

ನಿಮ್ಮ ಸೊಸೆ, ನಿಮ್ಮ ತಮ್ಮನ ಮಗಳು,
ಅನಸೂಯಾ

ತಾ.ಕ.: ಇದನ್ನು ಬೇರೆ ಯಾರಿಗೂ ಓದಿ ಹೇಳಬೇಡಿ. ದವಾಖಾನೆಯಲ್ಲಿ ಅವರಿಗೆ ನಿದ್ದೆ ಹತ್ತಿದೆಯೆಂದು ತಿಳಿದು ನೀವು ಮಂಚದ ಹತ್ತಿರ ನಿಂತು, "ಹಿಂಗ ಉಳಿಯೂದ್ಕಿಂತ ಪೂರಾ ಹೋಗಿದ್ರ ಛಲೋ ಇತ್ತು" ಎಂದು ಅತ್ತಿರಿ. ನಿಮ್ಮ ಹೊಟ್ಟೆಯ ಸಂಕಟ ನನಗೆ ಗೊತ್ತು. ಆದರೆ ಅವರಿಗೆ ಎಚ್ಚರವಿತ್ತು. ನಿನ್ನೆ ಬೇವಿನ ಕೆಳಗೆ ಕೂತಾಗ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ. "ನಮ್ಮವ್ವ ಸುಳ್ಳ ಹೇಳಾಕಿ ಅಲ್ಲ" ಎಂದರು, ಅಷ್ಟೇ. ಅತ್ತೆ, ನೀವು ಬನ್ನಿ. ಜಹೀರಾಬಾದಿನವರೆಗೆ ಬಂದರೆ ಅಪ್ಪ ರೈಲು ಹತ್ತಿಸಿ ಕರೆತರುತ್ತಾರೆ. ಬಂಡಿ ಸಿಗದಿದ್ದರೆ ನಡೆದಾದರೂ ಬನ್ನಿ. ಆ ಮಾತನ್ನು ಅವರೆದುರು ನಾನು ಎಷ್ಟು ಸಲ ಅಲ್ಲಗಳೆದರೂ ಪ್ರಯೋಜನವಿಲ್ಲ. ಅದನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಬೇಕು.