ಐದನೆಯ ಮನೆಯ ಹಾಲು

ಹಲಗೂರು, ಭಾನುವಾರ

ಶಶಿಧರ್ ಅವರಿಗೆ,

ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಕೋರ್ಟಿನ ಕಾಗದದಲ್ಲಿ ನೀವು ನನ್ನನ್ನು ಎದುರುದಾರಳು ಎಂದ ಮೇಲೆ ನನಗೂ ಸಂಕೋಚ ಉಳಿದಿಲ್ಲ.

ಮಗಳನ್ನು ನಿಮ್ಮ ವಶಕ್ಕೆ ಕೊಡಿಸಬೇಕೆಂದು ಅರ್ಜಿ ಹಾಕಿದ್ದೀರಿ. ನನಗೆ ಒಂದು ನೆಲೆಯಿಲ್ಲ ಎಂದು ಬರೆಸಿದ್ದೀರಿ. ನಿಜ. ಎರಡು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬಿಟ್ಟೆ. ಮಳವಳ್ಳಿಯ ಮನೆ ಓನರಮ್ಮ "ಯಜಮಾನ್ರು ಯಾವಾಗ ಬತ್ತಾರೆ?" ಎಂದು ತಿಂಗಳು ಪೂರ್ತಿ ಕೇಳಿ, ಕೊನೆಗೆ "ಬ್ಯಾರೆ ಕಡೆ ನೋಡ್ಕೊ ಕಣಮ್ಮ" ಅಂದರು. ಮದ್ದೂರಿನಲ್ಲಿ ಬಾಡಿಗೆಗೆ ಖಾಲಿಯಿರುವ ನಿಮ್ಮ ಮಹಡಿ ಮನೆಯ ಗೇಟಿಗೂ 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡಿದೆಯಂತೆ. ಅದನ್ನು ವಕೀಲರಿಗೆ ಹೇಳಿದಿರಾ?

ಜಗಳಕ್ಕೆ ಬರೆದದ್ದಲ್ಲ. ಬುಧವಾರ ಕೋರ್ಟಿಗೆ ಬಂದು ಒಪ್ಪಿ ಸಹಿ ಹಾಕುತ್ತೇನೆ. ಇಂಚರಳಿಗೆ ಕಿಟಕಿ ಪಕ್ಕ ಹಾಸಿಗೆ ಹಾಕಿಕೊಡಿ. ಬೀರುವಿನಲ್ಲಿ ಒಂದು ಖಾನೆ ಬಿಡಿಸಿಕೊಡಿ. ಬಟ್ಟೆಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ತಪ್ಪಲಿ. ಎರಡನೇ ಶನಿವಾರ ನನ್ನ ಹತ್ತಿರ ಕಳುಹಿಸಿ. ಮರೆಯಬೇಡಿ.

ಯಾಕೆ ಒಪ್ಪಿದಿರಿ ಎಂದು ನನ್ನ ವಕೀಲರು ಕೇಳಿದರು. ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಮೊನ್ನೆ ಈ ಐದನೆಯ ಮನೆಗೆ ಬಂದ ದಿನ, ಪ್ರತಿ ಸಲದಂತೆ, ಉಕ್ಕಿಸಲು ಹಾಲಿಟ್ಟೆ. ಉಕ್ಕುವ ಮೊದಲೇ ಮಗಳು ಸ್ಟೌ ಆರಿಸಿದಳು.

"ಬುಡಮ್ಮ, ಉಕ್ಕಿಸ್ಬ್ಯಾಡ. ಎಂಗೂ ಇಲ್ಲಿಂದ್ಲೂ ಓಯ್ತೀವಲ್ಲ, ಕುಡ್ದುಬುಡಾನ" ಅಂದಳು.

ಇಬ್ಬರೂ ಕುಡಿದೆವು.

ಇಂಚರಳ ತಾಯಿ,
ಅರುಂಧತಿ