ಕುಳ್ಳರ ಮುಂದಿನ ಸಾಲು

ಪ್ಲೇನೋ, ಟೆಕ್ಸಸ್
3 ನವೆಂಬರ್ 2003, ಸೋಮವಾರ

ಪ್ರೀತಿಯ ಸುಧಿ ಅಣ್ಣನಿಗೆ,

ನಿನ್ನ ಎಡಮಂಡಿ ಹೇಗಿದೆ? ಆಸ್ಟಿನ್‌ನಲ್ಲಿ ಕಾರು ಹತ್ತುವಾಗ ಬಾಗಿಲು ಹಿಡಿದುಕೊಂಡು ಹತ್ತಿದೆ ಎಂದು ಅಮ್ಮ ಮೂರು ಸಲ ಹೇಳಿದಳು. ಐಸ್ ಇಟ್ಟುಕೋ, ಮೆಟ್ಟಿಲು ಹತ್ತಬೇಡ. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ಅಪ್ಪನ ಬಿಪಿ ಹತೋಟಿಯಲ್ಲಿದೆ. ಅಮ್ಮ ನಿನ್ನ ಮದುವೆಗೆ ಕೊಡುವ ಸೀರೆಗಳ ಪಟ್ಟಿಯನ್ನು ಹರಿದು ಹರಿದು ಮತ್ತೆ ಬರೆಯುತ್ತಿದ್ದಾಳೆ. ನಾನು ಇನ್ನೂ ಅದೇ ಟೈರ್ ಅಂಗಡಿಯಲ್ಲಿದ್ದೇನೆ. ಎಷ್ಟು ದಿನ ಎಂದು ನೀನು ಕೇಳುತ್ತೀಯ, ನನಗೂ ಗೊತ್ತಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ಅಮ್ಮ ಅಡುಗೆಮನೆಯ ಫೋನೆತ್ತಿ ಕೇಳಿಸಿಕೊಳ್ಳುತ್ತಾಳೆ. ಇ-ಮೇಲ್ ಕಳಿಸಿದರೆ ನೀನು ಆಫೀಸಿನಲ್ಲಿ ಅರ್ಧ ಓದಿ ಇಂಗ್ಲಿಷಿನಲ್ಲಿ ಎರಡು ಸಾಲು ಎಸೆಯುತ್ತೀಯ, ಇಂಗ್ಲಿಷಿನಲ್ಲಿ ಯಾವಾಗಲೂ ನೀನೇ ಗೆಲ್ಲುತ್ತೀಯ. ತುಮಕೂರಿನಲ್ಲಿ ಏಳನೆಯ ಕ್ಲಾಸಿನ ತನಕ ಕನ್ನಡದಲ್ಲಿ ಓದಿದ್ದೊಂದೇ ನಾನು ಪೂರ್ತಿ ಮುಗಿಸಿದ ವಿದ್ಯೆ. ಅದಕ್ಕೇ ಈ ಕಾಗದ. ಓದಲು ಬೇಸರವಾದರೆ ನೀನು ಇದನ್ನು ನನ್ನ ಭಾವೀ ಅತ್ತಿಗೆ ನಿಹಾರಿಕಾ ಕೈಗೆ ಕೊಟ್ಟು ಓದು ಎನ್ನುತ್ತೀಯ, ಅದೂ ಗೊತ್ತು. ಓದಲಿ. ಆಟ ಗೊತ್ತಿಲ್ಲದ ಅವಳಿಗೂ ತಿಳಿಯುವ ಹಾಗೆ ಬರೆಯುತ್ತೇನೆ.

ಮೊನ್ನೆ ಶನಿವಾರ ಇಲ್ಲಿ ರಾಜ್ಯೋತ್ಸವವಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಸುಶೀಲಮ್ಮ ಆಂಟಿ ಸೌಟು ಮೇಲೆತ್ತಿ, “ಹಾಕ್ಲೋ, ಬಿಡ್ಲೋ? ನಿಂಗೆ ಬಿಡಿಸಿ ಹೇಳ್ಬೇಕಂತಲ್ಲಪ್ಪ!” ಎಂದರು. ಹಿಂದೆ ನಿಂತವರೆಲ್ಲ ನಕ್ಕರು. ನಾವು ಫೈನಲ್ ಸೋತು ಒಂದೇ ವಾರ. ನೀನು ಆಸ್ಟಿನ್‌ನಲ್ಲಿ ಸತ್ಯಪ್ರಕಾಶ್ ಅಂಕಲ್ ಮನೆಯ ಊಟದ ಮೇಜಿನಲ್ಲಿ, ಭಾವೀ ಮಾವನನ್ನು ನಗಿಸಲು ಹೇಳಿದ ಮಾತು ಅಷ್ಟರಲ್ಲಿ ಡಲ್ಲಾಸಿನ ಸೌಟಿನ ತನಕ ಬಂದಿದೆ. ತಮ್ಮನಿಗೆ ಕನ್ನಡ ಅರ್ಥವಾಗದೆ ಕಪ್ ಹೋಯಿತು ಎಂದೆಯಂತೆ. ಅಮ್ಮನಿಗೆ ಫೋನಿನಲ್ಲಿ, “ಪಾಪ, ಅವನಿಗೆ ಅರ್ಥ ಆಗ್ಲಿಲ್ಲಮ್ಮ, ಅವನನ್ನ ಬೈಬೇಡ” ಎಂದೆಯಂತೆ. ನಗುವವರು ನಗಲಿ. ನನಗೆ ಬೇಡವಾಗಿರುವುದು ನಿನ್ನ ಆ ‘ಪಾಪ’. ಅದನ್ನು ವಾಪಸು ಮಾಡಲು ಬರೆಯುತ್ತಿದ್ದೇನೆ. ಆ ಕಪ್ ಹೇಗೆ ಹೋಯಿತು ಎಂಬುದನ್ನು ಮೊದಲಿನಿಂದ ಹೇಳಬೇಕು.

ಈ ಆಸ್ಟ್ರೇಲಿಯನ್ ಫುಟ್‌ಬಾಲಿಗೆ ನನ್ನನ್ನು ಎಳೆದುಕೊಂಡು ಹೋದವನು ನೀನೇ. ನಿನ್ನ ಆಫೀಸಿನ ಆಸ್ಟ್ರೇಲಿಯದವನು ಗ್ರೆಗ್ ಡಲ್ಲಾಸಿನಲ್ಲಿ ತಂಡ ಕಟ್ಟುತ್ತಿದ್ದ. ನಿನ್ನ ಆರಡಿ ಮೂರಂಗುಲ ನೋಡಿದವನೇ ನಿನ್ನನ್ನು ಕರೆದ. ಐದಡಿ ನಾಲ್ಕಂಗುಲದ ನಾನು ನೀರಿನ ಬಾಟಲಿ ಹೊರಲು ಬಂದವನು. ಒಂಬತ್ತು ಜನರಲ್ಲಿ ಮುಂದೆ ಮೂವರು, ಮೂವರ ನಡುವೆ ನೀನು. ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದರೆ ಅದು ಮಾರ್ಕ್. ಹಿಡಿದವನ ತಂಟೆಗೆ ಯಾರೂ ಬರುವಂತಿಲ್ಲ, ನಿಧಾನವಾಗಿ ಗುರಿಯಿಟ್ಟು ಕಂಬಗಳ ನಡುವೆ ಒದ್ದರೆ ಗೋಲು, ಆರು ಪಾಯಿಂಟು; ಸ್ವಲ್ಪ ಪಕ್ಕಕ್ಕೆ ಹೋದರೆ ಒಂದೇ. ಹಾಗಾಗಿ ಎಲ್ಲರೂ ಚೆಂಡನ್ನು ಆಕಾಶಕ್ಕೆ ಒದೆಯುತ್ತಿದ್ದರು, ನೀನು ಹಿಡಿಯುತ್ತಿದ್ದೆ. ನಿನ್ನ ಕೈಯಿಂದ ಜಾರಿ ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ನಿನ್ನ ಶರ್ಟು, ನಿನ್ನ ಸೈಕಲ್ಲು, ನಿನ್ನ ಕ್ಯಾಲ್ಕುಲೇಟರು ಹಾಗೇ ಬಂದಿದ್ದರಿಂದ ನನಗದು ಹೊಸದೇನೂ ಅನ್ನಿಸಲಿಲ್ಲ. ಟಿವಿಯ ಮೇಲೆ ಅಮ್ಮ ಇಟ್ಟಿರುವ ಫೋಟೋ ನೋಡಿದ್ದೀಯಲ್ಲ, ನೀನು ಗಾಳಿಯಲ್ಲಿ ಚೆಂಡು ಹಿಡಿದಿರುವುದು? ನಿನ್ನ ಮಂಡಿ ಇರುವುದು ನನ್ನ ಬೆನ್ನಿನ ಮೇಲೆ. ಒಬ್ಬರ ಬೆನ್ನೇರಿ ಹಿಡಿಯುವುದಕ್ಕೆ ಈ ಆಟದಲ್ಲಿ ಅಡ್ಡಿಯಿಲ್ಲ. ಬಂದವರು “ಕೆಳಗಿರೋದು ಯಾರು?” ಎಂದರೆ ಅಮ್ಮ “ಯಾರೋ ಟೀಮಿನ ಹುಡುಗ” ಎನ್ನುತ್ತಿದ್ದಳು. ನಾನೇ ಹೇಳಿದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದಳು. ಸತ್ಯ ಹೇಳಬೇಕೆಂದರೆ, ಆ ಮಾರ್ಕ್ ಬಹಳ ಚೆನ್ನಾಗಿತ್ತು.

ಸತ್ಯ ಎಂದಾಗ ಹೈಸ್ಕೂಲು ನೆನಪಾಗುತ್ತದೆ. ಹನ್ನೊಂದನೆಯ ಕ್ಲಾಸಿನಲ್ಲಿ ನನ್ನ ಇಂಗ್ಲಿಷ್ ಪ್ರಬಂಧ ನೀನು ಬರೆದುಕೊಟ್ಟೆ, ಟೀಚರ್ ಅದನ್ನು ಕ್ಲಾಸಿಗೆಲ್ಲ ಓದಿ ಹೊಗಳಿದರು, ನಾನು ಎದ್ದು ನಿಂತು ಇದು ನನ್ನದಲ್ಲ, ನನ್ನಣ್ಣನದು ಎಂದೆ. “ಯಾರೋ ಕೇಳಿದ್ರು ನಿನ್ನ?” ಎಂದು ನೀನು ಆ ವಾರವೆಲ್ಲ ಕೂಗಾಡಿದೆ. ಅಲ್ಲಿಂದ ನಾಲ್ಕು ತಿಂಗಳಿಗೆ ನಾನು ಸ್ಕೂಲು ಬಿಟ್ಟೆ. ಅದಕ್ಕೆ ನೀನು ಕಾರಣ ಎಂದು ಹೇಳುತ್ತಿಲ್ಲ. ಒಂದು ಕಡೆ ಕುಳಿತುಕೊಳ್ಳುವುದು ನನಗೆ ಆಗುವುದಿಲ್ಲ ಅಷ್ಟೆ. ಆದರೆ ಕೇಳದೆಯೇ ಸತ್ಯ ಹೇಳುವವನು ಎಂದು ಅವತ್ತು ನನ್ನ ಬಗ್ಗೆ ನನಗೊಂದು ಹೆಮ್ಮೆ ಹುಟ್ಟಿತ್ತು.

ಮಾರ್ಚಿನಲ್ಲಿ ನೀನು ಹ್ಯೂಸ್ಟನ್ನಿಗೆ ಶಿಫ್ಟ್ ಆದೆ. ಮೇ ತಿಂಗಳಲ್ಲಿ ಆಸ್ಟಿನ್ ತಂಡ ನಮ್ಮನ್ನು ಹಿಟ್ಟು ರುಬ್ಬಿದ ಹಾಗೆ ರುಬ್ಬಿತು. ನೀನಿಲ್ಲದಿದ್ದರೂ ನಮ್ಮವರು ಅಭ್ಯಾಸಬಲದಿಂದ ಚೆಂಡನ್ನು ಆಕಾಶಕ್ಕೇ ಒದೆಯುತ್ತಿದ್ದರು, ಅಲ್ಲಿ ಯಾರೂ ಇರಲಿಲ್ಲ. ಆವತ್ತು ನನ್ನ ಜೊತೆ ಮುಂದೆ ಆಡಿದವನು ಇರಣ್ಣ, ಆರ್ಲಿಂಗ್ಟನ್‌ನಲ್ಲಿ ಎಂ.ಎಸ್. ಮಾಡುತ್ತಿರುವ ಗದಗಿನವನು, ನನಗಿಂತ ಒಂದಂಗುಲ ಗಿಡ್ಡ, ಕಾಲೇಜಿನಲ್ಲಿ ಖೊಖೊ ಆಡಿದವನು. ಪಾರ್ಕಿಂಗ್ ಲಾಟಿನಲ್ಲಿ ಕೂತು ಅವನು ಹೇಳಿದ: “ಏ ಜಯಂತಾ, ಎತ್ತರ ಇದ್ದವ್ರಿಗೆ ಆಕಾಶ ಇರ್ಲಿ. ಎಷ್ಟ ಮ್ಯಾಲ ಹೋದ್ರೂ ಚೆಂಡ ಕಡೀಕ ನೆಲಕ್ಕ ಬೀಳತೈತಿ. ಅಲ್ಲೇ ನಮ್ಮ ಅಂಗಡಿ ತಗಿಯೂಣು.” ನಾನು ನೇರ ಗ್ರೆಗ್ ಹತ್ತಿರ ಹೋಗಿ, ಇನ್ನು ಮೇಲೆ ಚೆಂಡು ಕೆಳಗೆ ಬರಲಿ, ಮುಂದಿನ ಮೂವರೂ ಕುಳ್ಳರೇ ಇರಲಿ ಎಂದೆ. ಅವನು ನಗಲಿಲ್ಲ. ತನ್ನೂರಿನ ಕಡೆಯೂ ಹೀಗೆ ಆಡುವುದುಂಟು, ಆದರೆ ಕುಳ್ಳರು ಗೋಲು ಹೊಡೆದರೆ ಸಾಲದು, ಎದುರಾಳಿ ಚೆಂಡನ್ನು ಹೊರಗೆ ಸಾಗಿಸದ ಹಾಗೆ ಅಟ್ಟಿಸಿಕೊಂಡು ಹೋಗಿ ಕೆಡವಬೇಕು, ಅಷ್ಟು ಓಡುತ್ತೀರಾ ಎಂದು ಕೇಳಿದ. ಓಡುತ್ತೇವೆ ಎಂದೆ.

ಮೂರನೆಯವರು ಫ್ಲವರ್ ಮೌಂಡಿನ ಶ್ಯಾಮಸುಂದರ ಅಂಕಲ್. ಮೂವತ್ತೆಂಟು ವರ್ಷ, ಮೈಸೂರಿನವರು. “ಹೊಟ್ಟೆ ನೋಡಿ ಮೋಸ ಹೋಗ್ಬೇಡ್ರೋ, ಇದು ಸ್ಪೇರ್ ಟೈರು” ಎನ್ನುತ್ತ ಎಡಗಾಲಿನಲ್ಲಿ ಒದ್ದರೆ ಚೆಂಡು ಹುಲ್ಲಿಗೆ ಒಂದು ಗೇಣು ಮೇಲೆ ಹೋಗುತ್ತದೆ. ವಾರಕ್ಕೆ ಮೂರು ದಿನ ನಾವು ಮೂವರೇ ಪ್ರಾಕ್ಟೀಸ್ ಮಾಡಿದೆವು. ಕೂಗುವುದೆಲ್ಲ ಕನ್ನಡದಲ್ಲಿ, ಎದುರಾಳಿಗೆ ತಿಳಿಯದಿರಲಿ ಎಂದು. ನಮ್ಮ ದೊಡ್ಡ ಅಸ್ತ್ರ ‘ಬಿಡು’. ಚೆಂಡು ನನ್ನ ಕಾಲ ಹತ್ತಿರ ಬಂದಾಗ ಹಿಂದಿನಿಂದ ಇರಣ್ಣ “ಬಿಡಲೇ!” ಎಂದು ಕೂಗಿದರೆ, ಮುಟ್ಟಬೇಡ, ಹಾಗೇ ಹೋಗಲು ಬಿಡು, ನಾನು ಹಿಂದಿದ್ದೇನೆ ಎಂದರ್ಥ. ನಾನು ಬಗ್ಗುವ ಹಾಗೆ ನಟಿಸಿ ಚೆಂಡು ಬಿಟ್ಟು, ಮೇಲೆರಗುವ ಎದುರಾಳಿಗೆ ಅಡ್ಡ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಇರಣ್ಣ ಚೆಂಡೆತ್ತಿಕೊಂಡು ಕಂಬದ ಹತ್ತಿರ ಇರುತ್ತಿದ್ದ. ಆರು ಆಟದಲ್ಲಿ ಐದು ಗೆದ್ದೆವು. ಜುಲೈನಲ್ಲಿ ನಿನ್ನ ಹ್ಯೂಸ್ಟನ್ನಿಗೇ ಬಂದು ಅವರನ್ನು ಮೂವತ್ತು ಪಾಯಿಂಟಿನಿಂದ ಸೋಲಿಸಿದೆವು. ನಿನ್ನ ಮನೆಯಿಂದ ಮೈದಾನಕ್ಕೆ ಇಪ್ಪತ್ತು ನಿಮಿಷದ ದಾರಿ. “ಏನ್ ಸೆಖೆ ಕಣೋ” ಎಂದು ನೀನು ಫೋನಿನಲ್ಲೇ ಮುಗಿಸಿದೆ, ನೋಡಲು ಬರಲಿಲ್ಲ. ಅಣ್ಣ, ನನ್ನ ಬದುಕಿನಲ್ಲಿ ನಾನು ಯೋಚಿಸಿ, ನಾನು ಹೇಳಿ, ಹತ್ತು ಜನ ಕೇಳಿ, ಸರಿ ಎನಿಸಿಕೊಂಡದ್ದು ಅದೊಂದೇ.

ಫೈನಲ್ ಹ್ಯೂಸ್ಟನ್ನಿನವರ ಮೇಲೆ; ಆ ದಿನ ಆಸ್ಟಿನ್‌ನಲ್ಲಿ ನಾವು ಬೂಟು ಕಟ್ಟಿಕೊಳ್ಳುತ್ತಿರುವಾಗ ನೀನು ಬಂದೆ. ಕೈಯಲ್ಲಿ ಬೂಟು, ಹಿಂದೆ ನಿಹಾರಿಕಾ, ಅವಳ ಹಿಂದೆ ಮಡಚುವ ಕುರ್ಚಿ ಹಿಡಿದುಕೊಂಡ ಸತ್ಯಪ್ರಕಾಶ್ ಅಂಕಲ್. ಮಾವನ ಮುಂದೆ ಆಡಿ ತೋರಿಸುವ ಆಸೆ ತಪ್ಪಲ್ಲ. ಗ್ರೆಗ್ ನಿನ್ನನ್ನು ನೋಡಿದ, ನಮ್ಮ ಮೂವರನ್ನು ನೋಡಿದ, “ಫೈನಲ್ ಅಲ್ವಾ ಗೆಳೆಯಾ” ಎಂದು ಇಂಗ್ಲಿಷಿನಲ್ಲಿ ಗೊಣಗಿ ಇರಣ್ಣನನ್ನು ಹೊರಗೆ ಕೂರಿಸಿದ. ಡಿಸೆಂಬರಿಗೆ ಇರಣ್ಣನ ಓದು ಮುಗಿಯುತ್ತದೆ, ಕೆಲಸ ಸಿಕ್ಕಿಲ್ಲ, ವಾಪಸು ಹೋಗುತ್ತಾನೆ. ಅವನಿಗೆ ಅದೇ ಕಡೆಯ ಆಟ. “ಅಣ್ಣ ಬಂದಾನಲ್ಲೋ, ಛಲೋ ಆತು” ಎಂದು ಜರ್ಸಿ ಮೇಲೆ ಟವೆಲ್ ಹೊದ್ದುಕೊಂಡು ಕಿತ್ತಳೆ ಹೋಳು ಮಾಡುತ್ತ ಕೂತ. ನೀನು ಅವನ ಹೆಸರನ್ನೂ ಕೇಳಲಿಲ್ಲ.

ನೀನು ಚೆನ್ನಾಗಿ ಆಡಿದೆ, ಇಲ್ಲ ಎನ್ನುವುದಿಲ್ಲ. ಎರಡು ಮಾರ್ಕ್, ಎರಡು ಗೋಲು. ಆದರೆ ನೀನು ನಿಂತ ಕೂಡಲೇ ನಮ್ಮವರಿಗೆಲ್ಲ ಹಳೆಯ ಚಟ ಮರುಕಳಿಸಿ ಚೆಂಡು ಮತ್ತೆ ಆಕಾಶಕ್ಕೆ ಹೋಯಿತು. ಹ್ಯೂಸ್ಟನ್ನಿನವರು ಮೂವರು ನಿನ್ನ ಸುತ್ತ ನಿಂತರು. ನಾನೂ ಶ್ಯಾಮ್ ಅಂಕಲ್ಲೂ ಒಂದು ಗಂಟೆ ಸುಮ್ಮನೆ ಓಡಿದೆವು. ಕಡೆಯ ನಿಮಿಷಕ್ಕೆ ಅವರದು ಐವತ್ತೆಂಟು, ನಮ್ಮದು ಐವತ್ತನಾಲ್ಕು. ಒಂದು ಗೋಲು ಸಾಕಿತ್ತು. ಶ್ಯಾಮ್ ಅಂಕಲ್ ಒದ್ದ ಚೆಂಡು ಕುಪ್ಪಳಿಸುತ್ತ ನನ್ನ ಹತ್ತಿರ ಬಂತು. “ಬಿಡೋ! ಜಯಂತ, ಬಿಡೋ!” ಎಂದು ನೀನು ಕೂಗಿದೆ. ಎತ್ತಿ ನನ್ನ ಕಡೆಗೆ ಬಿಡು ಎಂದು ನೀನು ಹೇಳಿದ್ದು. ನಮ್ಮ ಸಂಕೇತ ನಿನಗೆ ಗೊತ್ತಿರಲಿಲ್ಲ, ಒಂದು ದಿನವೂ ಪ್ರಾಕ್ಟೀಸಿಗೆ ಬಂದವನಲ್ಲ. ನಾನು ಬಗ್ಗಿದೆ, ಮುಟ್ಟದೆ ಬಿಟ್ಟೆ, ತಿರುಗಿ ಎದುರಾಳಿಗೆ ಅಡ್ಡ ನಿಂತೆ. ಚೆಂಡು ನನ್ನ ಹಿಂದಕ್ಕೆ ಉರುಳಿತು. ಅಲ್ಲಿ ಇರಣ್ಣ ಇರಲಿಲ್ಲ. ಹ್ಯೂಸ್ಟನ್ನಿನವನೊಬ್ಬ ಅದನ್ನೆತ್ತಿ ದೂರ ಒದ್ದ, ಆಟ ಮುಗಿದ ಸೈರನ್ ಆಯಿತು.

ಶ್ಯಾಮ್ ಅಂಕಲ್ ಹಣೆ ಚಚ್ಚಿಕೊಂಡು, “ಅಯ್ಯೋ, ಎರಡು ‘ಬಿಡು’ ಡಿಕ್ಕಿ ಹೊಡೆದ್ವಲ್ಲೋ!” ಎಂದರು. ಅವರೇ ಗ್ರೆಗ್‌ಗೂ ಇಂಗ್ಲಿಷಿನಲ್ಲಿ ವಿವರಿಸಿದರು. ಗ್ರೆಗ್ ನನ್ನ ತಲೆ ಸವರಿ ತಪ್ಪು ತನ್ನದು, ಸಂಕೇತ ತಿಳಿಯದವನನ್ನು ಇಳಿಸಬಾರದಿತ್ತು ಎಂದ. ನೀನು ನಕ್ಕು ನನ್ನ ಬೆನ್ನು ತಟ್ಟಿ ಮಾವನ ಕಾರಿನ ಕಡೆಗೆ ಕುಂಟುತ್ತ ಹೋದೆ. ಎಲ್ಲರೂ ಹೌದು ತಾನೇ, ಭಾಷೆಯ ತಪ್ಪು ತಾನೇ ಎಂದು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಅಂದಿನಿಂದ ಒಂಬತ್ತು ದಿನ ಯಾರು ಕೇಳಿದರೂ ತಲೆಯಾಡಿಸುತ್ತಿದ್ದೇನೆ.

ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಬೇರೆ ಹೇಳಬೇಕಾಗಿಲ್ಲ. ನಿಹಾರಿಕಾಗೆ ನನ್ನ ನೆನಪು ತಿಳಿಸು, ಅವಳ ಅಪ್ಪ ಅಮ್ಮನಿಗೆ ನಮಸ್ಕಾರ. ಮಂಡಿಯನ್ನು ಡಾಕ್ಟರಿಗೆ ತೋರಿಸು.

ನಿನ್ನ ತಮ್ಮ,
ಜಯಂತ

ಕೊನೆಗೆ ಇನ್ನೊಂದು ಮಾತು: ಮರೆತು ಹೋದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಐದಕ್ಕೆ ಅಂಚೆ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ನನಗೆ ಅರ್ಥವಾಗಿತ್ತು. ನೀನು ನನ್ನ ಹಿಂದಿರಲಿಲ್ಲ, ಮುಂದಿದ್ದೆ, ಸುತ್ತಲಿದ್ದವರನ್ನು ತಪ್ಪಿಸಿಕೊಂಡು ಕಂಬದ ಎದುರಿಗೆ ಒಬ್ಬನೇ ಇದ್ದೆ, ಕೈ ಚಾಚಿದ್ದು ನನಗೆ ಕಂಡಿತ್ತು. ಕೊಟ್ಟಿದ್ದರೆ ಗೆಲ್ಲುತ್ತಿದ್ದೆವು. ನಿನಗೆ ಕೊಡಲು ಮನಸ್ಸಾಗಲಿಲ್ಲ. ಎರಡು ‘ಬಿಡು’ ಇರುವುದು ನನಗೆ ಆ ಕ್ಷಣದಲ್ಲೇ ಹೊಳೆದಿತ್ತು, ಅದರ ಹಿಂದೆ ಅವಿತುಕೊಂಡೆ. ಇದನ್ನು ಸಣ್ಣತನ ಎನ್ನುತ್ತೀಯ, ಅದೇ ಸರಿಯಾದ ಮಾತು. ಗ್ರೆಗ್‌ಗೆ ಗುರುವಾರ ಹೇಳುತ್ತೇನೆ. ನೀನು ಮಾವನಿಗೆ ಹೇಳುವುದೂ ಬಿಡುವುದೂ ನಿನ್ನಿಷ್ಟ. ಇರಣ್ಣನಿಗೆ ನಿನ್ನೆ ಹೇಳಿದೆ. ರೂಮಿನಲ್ಲಿ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಕೈಯಲ್ಲಿದ್ದ ಪುಸ್ತಕವನ್ನು ಡಬ್ಬಕ್ಕೆ ಇಳಿಸಿ, ನನ್ನ ಮುಖ ನೋಡದೆ ಕೇಳಿದ: “ಹಂಗಾರ ನಾ ಹೊರಗ ಕುಂತದ್ದು ಯಾತಕ್ಕೋ?”